ಒಬ್ಬರಿಗೆ ಮಾತ್ರ ಅವಕಾಶ

ಷ್ಟೆವೆರ್ಯಾನ್
೧೯ ಮಾರ್ಚ್ ೨೦೨೦, ಸಂತ ಜೋಸೆಫರ ಹಬ್ಬ

ಮಗಳು ವೋಯ್ಕಳಿಗೆ,

ದೇವರ ಶಾಂತಿ ನಿನ್ನ ಮನೆಯಲ್ಲಿ ನೆಲೆಸಲಿ.

ಗೊರಿತ್ಸ ಪಟ್ಟಣದ ರೈಲು ನಿಲ್ದಾಣದ ಮುಂದಿನ ಚೌಕದಲ್ಲಿ, ನಾನಿರುವ ಇಟಲಿಗೂ ನೀನಿರುವ ಸ್ಲೊವೇನಿಯಕ್ಕೂ ನಡುವೆ, ತಂತಿಬೇಲಿ ಮತ್ತೆ ಎದ್ದಿದೆ. ಮೊನ್ನೆ ಮೊನ್ನೆಯವರೆಗೆ ಊಟ ಮುಗಿಸಿ ಬಸ್ಸು ಹತ್ತಿ, ಆ ಚೌಕವನ್ನು ದಾಟಿ, ನಿನ್ನ ತಾಯಿಯಿರುವ ವೃದ್ಧಾಶ್ರಮಕ್ಕೆ ನಡೆದು ಹೋಗುತ್ತಿದ್ದೆ. ಯಾವ ಹೆಜ್ಜೆಗೆ ಒಂದು ದೇಶ ಮುಗಿದು ಇನ್ನೊಂದು ಆರಂಭವಾಗುತ್ತದೆಂದು ಗಮನಿಸಿದವನೇ ಅಲ್ಲ. ಈಗ ಸೋಂಕು ಏರುತ್ತಿದ್ದಂತೆ ಯೂರೋಪಿನ ದೇಶಗಳು, ಗುಡುಗಿಗೆ ಹೆದರಿದ ಮಕ್ಕಳು ಕಂಬಳಿಯನ್ನೆಳೆದುಕೊಳ್ಳುವ ಹಾಗೆ, ಒಂದೊಂದಾಗಿ ತಮ್ಮ ಗಡಿಗಳನ್ನು ತಲೆಯ ಮೇಲೆಳೆದುಕೊಳ್ಳುತ್ತಿವೆ.

ನನ್ನ ಕಿವಿಗಳ ವಿಷಯ ನಿನಗೆ ಗೊತ್ತು. ಯೌವನವೆಲ್ಲ ಗಂಟೆಗೋಪುರದಲ್ಲಿ ನಿಂತು ಗಂಟೆ ಬಾರಿಸಿದ್ದರ ಫಲ. ಇಷ್ಟು ದಿನ ಜನರ ತುಟಿಗಳನ್ನು ನೋಡಿ ಬದುಕುತ್ತಿದ್ದೆ. ಈಗ ಊರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡಿದೆ. ದೂರವಾಣಿ ನನಗೆ ಬರಿಯ ಕಪ್ಪು ಪೆಟ್ಟಿಗೆ. ಆದ್ದರಿಂದ ಪತ್ರವೇ ಗತಿ. ನನ್ನ ಕಿಟಕಿಯಿಂದ ಆಶ್ರಮದ ಹಳದಿ ಗೋಡೆ ಕಾಣುತ್ತದೆ. ಆದರೂ ಈ ಕಾಗದವು ಎಷ್ಟೋ ಊರು ಸುತ್ತಿ ನಿನ್ನನ್ನು ತಲುಪಬೇಕಂತೆ. ಅವಸರದ ಮಾತಿದ್ದರೆ ನೆರೆಮನೆಯ ದ್ರಾಗೊನಿಗೆ ಫೋನು ಮಾಡು.

ಮುಖ್ಯ ಮಾತಿಗೆ ಬರುತ್ತೇನೆ. ಇಡೀ ಬ್ರೆಡ್ಡನ್ನು ಕೊಯ್ಯುವ ಮುನ್ನ ಅದಕ್ಕೆ ಚಾಕುವಿನಿಂದ ಶಿಲುಬೆಯ ಗುರುತು ಎಳೆಯದಿದ್ದರೆ ನಿನ್ನ ತಾಯಿ ಒಂದು ತುಣುಕನ್ನೂ ಬಾಯಿಗಿಡುವವಳಲ್ಲ. ಮನೆಯ ದಾರಿಯನ್ನು ಮರೆತಳು, ನಿನ್ನ ಹೆಸರನ್ನು ಮರೆತಳು, ಇದನ್ನು ಮರೆಯಲಿಲ್ಲ. ಆಶ್ರಮದಲ್ಲಿ ಬ್ರೆಡ್ಡು ಹೋಳಾಗಿಯೇ ಬರುತ್ತದೆ. ಅದಕ್ಕೆಂದೇ ನಾನು ದಿನವೂ ಒಂದು ಚಿಕ್ಕ ಇಡೀ ಬ್ರೆಡ್ಡನ್ನು ಒಯ್ಯುತ್ತಿದ್ದೆ. ಈಗ ಅವಳಿಗೆ ಯಾರು ಗುರುತು ಹಾಕಿಕೊಡುತ್ತಿದ್ದಾರೆ? ದಯವಿಟ್ಟು ವಿಚಾರಿಸು.

ಅವಳನ್ನು ಅಲ್ಲಿ ಸೇರಿಸಿದ್ದು ನಿನ್ನ ತೀರ್ಮಾನ. ಅದರ ಚರ್ಚೆ ಈ ಪತ್ರದಲ್ಲಿ ಬೇಡ.

ನಿನ್ನ ತಂದೆ,
ಸಿಲ್ವೇರಿ


ಸೋಲ್ಕಾನ್
೬ ಏಪ್ರಿಲ್ ೨೦೨೦

ಅಪ್ಪನಿಗೆ ವೋಯ್ಕಳ ನಮಸ್ಕಾರಗಳು.

ನಿಮ್ಮ ಪತ್ರ ಇವತ್ತು ಕೈಸೇರಿತು. ಆಶ್ರಮದೊಳಗೆ ನನ್ನನ್ನೂ ಬಿಡುತ್ತಿಲ್ಲ. ನಮ್ಮ ಪುರಸಭೆಯ ಎಲ್ಲೆಯನ್ನೇ ದಾಟಬಾರದೆಂದು ಆಜ್ಞೆಯಾಗಿದೆ. ಅಮ್ಮನನ್ನು ನೋಡಿಕೊಳ್ಳುವ ಸೆನಾದ ಮಾತ್ರ ದಿನ ಬಿಟ್ಟು ದಿನ ಫೋನಿಗೆ ಸಿಗುತ್ತಾಳೆ. ಬೋಸ್ನಿಯದ ಹೆಂಗಸು, ಮಸೀದಿಗೆ ಹೋಗುವವಳು. ಅವಳಿಗೆ ಶಿಲುಬೆಯ ವಿಷಯ ಹೇಳಿದೆ. ಮಾರನೆಯ ದಿನ ಅವಳೇ ಕರೆ ಮಾಡಿದಳು.

“ಅಕ್ಕಾ, ಅಡುಗೆಯವ್ರಿಗೆ ಹೇಳಿ ಇಡೀ ಬ್ರೆಡ್ಡಿನ್ ಮೇಲೆ ಚೆಂದಾಗಿ ಶಿಲುಬೆ ಕೊರ್ಸಿ ತಂದೆ. ಅಮ್ಮ ಅದನ್ನ ನೋಡ್ಲೇ ಇಲ್ಲ. ಬ್ರೆಡ್ಡು ತಿರುಗ್ಸಿ ತಳ ನೋಡಿದ್ರು, ಬೆರಳಾಡ್ಸಿದ್ರು, ತಟ್ಟೆ ದೂರ ತಳ್ಳಿಬಿಟ್ರು. ನಾನೇನ್ ತಪ್ಪು ಮಾಡ್ದೆ ಹೇಳಿ!”

ತಪ್ಪು ಅವಳದಲ್ಲ. ಗುರುತನ್ನು ತಳಕ್ಕೆ ಹಾಕಬೇಕೆಂಬುದನ್ನು ಹೇಳಲು ನಾನೇ ಮರೆತಿದ್ದೆ. ಎಷ್ಟೋ ವರ್ಷಗಳಿಂದ ಅಂಗಡಿಯ ಹೋಳು ಬ್ರೆಡ್ಡು ತಿನ್ನುವವಳು ನಾನು. ಅಮ್ಮನ ತೊಡೆಯ ಮೇಲೆ ಕುಳಿತು ದಿನವೂ ನೋಡಿದ್ದು ಹೇಗೆ ಮರೆಯಿತೋ ತಿಳಿಯದು.

ಸೂಪನ್ನು ಕುಡಿಯುತ್ತಾಳಂತೆ. ನೀವು ಹೊರಗೆ ಹೋಗಬೇಡಿ.

ವೋಯ್ಕ


ಷ್ಟೆವೆರ್ಯಾನ್
೨೦ ಏಪ್ರಿಲ್ ೨೦೨೦

ಮಗಳಿಗೆ ಈಸ್ಟರ್ ಹಬ್ಬದ ಶುಭಾಶಯಗಳು, ತಡವಾಗಿ.

ಸೆನಾದಳಿಗೆ ನನ್ನ ಕೃತಜ್ಞತೆ ತಿಳಿಸು. ಚಾಕುವಿನ ತುದಿಯಿಂದ, ತಳಭಾಗದಲ್ಲಿ, ಕೊಯ್ಯದಂತೆ ಬರಿಯ ಗೆರೆ ಎಳೆಯಬೇಕು. ಅದೂ ನಿನ್ನ ತಾಯಿಯ ಕಣ್ಣೆದುರಿಗೆ. ಬೇರೆಲ್ಲೋ ಎಳೆದು ತಂದರೆ ಒಪ್ಪುವವಳಲ್ಲ.

ಹೊರಗೆ ಹೋಗಬೇಡಿರೆಂದು ಬರೆದೆ. ನಿನ್ನ ಮಾತು ತಲುಪುವ ಮುಂಚೆಯೇ ನಾನು ಹೋಗಿ ಬಂದಿದ್ದೆ. ಹಬ್ಬದ ಮುನ್ನಾದಿನ, ಹಬ್ಬದೂಟದ ಬುಟ್ಟಿಗಳನ್ನು ಮಂತ್ರಿಸುವ ಪಾದ್ರಿಗಳಿಲ್ಲದೆ ಚರ್ಚಿನ ಬಾಗಿಲು ಮುಚ್ಚಿದ್ದಾಗ, ಮನಸ್ಸು ತಡೆಯದೆ ಒಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಔಷಧಿ ತರಲು ಹೊರಟಿದ್ದ ದ್ರಾಗೊನ ವ್ಯಾನು ಹತ್ತಿದೆ. ಬೇಲಿಯ ಬಳಿ ಯಾರಾದರೂ ಸಿಕ್ಕಾರೆಂಬ ಆಸೆ. ಸಿಕ್ಕಿದ್ದು ಪೊಲೀಸಿನವನು. ಅವರಿಬ್ಬರ ಸಂಭಾಷಣೆ ಆಗ ನನಗೆ ತಿಳಿಯಲಿಲ್ಲ. ಹಿಂದಿರುಗುವಾಗ ದ್ರಾಗೊ ಮಾಸ್ಕ್ ಇಳಿಸಿ ಎಲ್ಲವನ್ನೂ ಆಡಿ ತೋರಿಸಿದ.

“ಅಜ್ಜನ್ನ ಎಲ್ಲಿಗ್ ಕರ್ಕೊಂಡ್ ಹೊರಟ್ರಿ?”

“ಹೆಂಡ್ತಿಗೆ ಬ್ರೆಡ್ಡು ಕೊಡಕ್ಕೆ, ಸ್ವಾಮಿ.”

“ಹೆಂಡ್ತಿ ಎಲ್ಲಿ?”

“ಅಗೋ, ಆ ಹಳದಿ ಕಟ್ಟಡ.”

“ಅದು ಬೇರೆ ದೇಶ ಕಣ್ರೀ!”

“ಹೌದಾ? ಇವ್ರು ಮದ್ವೆ ಆದಾಗ ಇನ್ನೂ ಹತ್ರ ಇತ್ತು.”

ಪೊಲೀಸಿನವನು ನಕ್ಕನಂತೆ. ನಕ್ಕರೂ ಒಪ್ಪಲಿಲ್ಲ. “ಬೇಲಿ ಮೇಲಿಂದ ಏನೂ ಕೊಡಂಗಿಲ್ಲ. ಇವತ್ತು ನೀವು ಬ್ರೆಡ್ಡು ಅಂತೀರ. ನಾಳೆ ಇನ್ನೊಬ್ಬ ಹಂದಿ ತೊಡೆ ತರ್ತಾನೆ. ನಾಡಿದ್ದು ಮತ್ತೊಬ್ಬ ಅತ್ತೇನೇ ದಾಟಿಸ್ತಾನೆ.” ಹೊರಡುವಾಗ ಅವನು ನನಗೊಂದು ಸಲಾಮು ಹೊಡೆದ. ಆ ಬ್ರೆಡ್ಡನ್ನು ಕೊಯ್ಯಲು ನನಗೆ ಮನಸ್ಸಾಗಲಿಲ್ಲ. ಕಲ್ಲಾಯಿತು, ದ್ರಾಗೊನ ಕೋಳಿಗಳಿಗೆ ನೆನೆಸಿ ಹಾಕಿದೆವು.

ನಿನ್ನ ತಾಯಿ ನನ್ನನ್ನು ಕೇಳುತ್ತಾಳೆಯೆ? ಇದಕ್ಕೆ ನಿಜವಾದ ಉತ್ತರ ಬರೆ.

ನಿನ್ನ ತಂದೆ,
ಸಿಲ್ವೇರಿ


ಸೋಲ್ಕಾನ್
೧೦ ಮೇ ೨೦೨೦

ಅಪ್ಪನಿಗೆ,

ಸೆನಾದ ನೀವು ಹೇಳಿದಂತೆಯೇ ಮಾಡಿದಳು. ಅಮ್ಮ ಗೆರೆಯನ್ನು ನೋಡಿದಳಂತೆ, ಕೈಗವಸನ್ನು ನೋಡಿದಳಂತೆ. ಅರ್ಧ ಹೋಳು ತಿಂದಳು. ಸೆನಾದ ಅತ್ತುಬಿಟ್ಟಳಂತೆ. ನನಗೆ ಹೇಳುವಾಗ ಮಾತ್ರ, “ಕನ್ನಡಕ ಮಂಜಾಗಿತ್ತು ಅಕ್ಕಾ” ಎಂದಳು.

ಕೇಳುತ್ತಾಳೆ. ಮಧ್ಯಾಹ್ನವಾದರೆ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಕೊಡಬೇಕಂತೆ.

ವೋಯ್ಕ


ಷ್ಟೆವೆರ್ಯಾನ್
೨೮ ಜೂನ್ ೨೦೨೦

ಮಗಳೇ,

ಬೇಲಿ ತೆಗೆದ ಮೊದಲ ವಾರದಲ್ಲಿಯೇ ಆಶ್ರಮದ ಅಂಗಳದಲ್ಲಿ ನಾವು ಮೂವರೂ ಭೇಟಿಯಾದೆವಾದರೂ, ಆ ದಿನದ ಬಗ್ಗೆ ನಿನಗೆ ಬರೆಯಬೇಕೆನಿಸಿದೆ. ಏಕೆಂದರೆ ಅಲ್ಲಿ ನಿಂತು ನಾವಿಬ್ಬರೂ ಆಡಿದ್ದು ಹವೆಯ ಮಾತು ಮಾತ್ರ.

ನಡುವೆ ಗಾಜಿನ ಹಲಗೆ. ಆಚೆ ನಿನ್ನ ತಾಯಿ, ತೆಳುವಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಅವಳ ಮುಖಕ್ಕೆ ಮಾಸ್ಕ್ ಇರಲಿಲ್ಲ. ದ್ರಾಗೊನದನ್ನು ಬಿಟ್ಟರೆ, ಎಷ್ಟೋ ತಿಂಗಳ ಮೇಲೆ ನಾನು ಕೇಳಿದ ಮೊದಲ ಮಾನವಧ್ವನಿ ಅವಳ ತುಟಿಗಳದು. “ಎಲ್ಲಿಗ್ ಹೋಗಿದ್ರಿ? ಹೇಳಿ ಹೋಗ್ಬಾರ್ದಾ?” ಅಷ್ಟೇ. ನಾನು ಬ್ರೆಡ್ಡನ್ನು ಬೋರಲು ಹಿಡಿದು, ಗಾಜಿಗೆ ತಾಗುವಷ್ಟು ಹತ್ತಿರ ತಂದು, ಗುರುತು ಎಳೆದು, ಕೊಯ್ದು, ಸೆನಾದಳ ಕೈಗೆ ಕೊಟ್ಟೆ. ನಿನ್ನ ತಾಯಿ ಮೂರು ಹೋಳು ತಿಂದಳು. ನೀನು ಮುಖ ತಿರುಗಿಸಿ ಬೇಸಿಗೆಯ ಗುಲಾಬಿಗಳನ್ನು ನೋಡುತ್ತಿದ್ದೆ. ನಾನು ಕಂಡೆ.

ಬಸ್ಸು ಮತ್ತೆ ಓಡುತ್ತಿದೆ. ಗಾಜಿದ್ದರೆ ಇರಲಿ. ಇಷ್ಟು ಸಾಕು, ಪ್ರಭುವಿಗೆ ಸ್ತೋತ್ರ.

ನಿನ್ನ ತಂದೆ,
ಸಿಲ್ವೇರಿ


ಷ್ಟೆವೆರ್ಯಾನ್
೮ ನವೆಂಬರ್ ೨೦೨೦

ಮಗಳು ವೋಯ್ಕಳಿಗೆ,

ಬೇಸಿಗೆಯಲ್ಲಿ ದೇಶಗಳು ಉಸಿರು ಬಿಟ್ಟವು. ಈಗ ಮತ್ತೆ ಬಿಗಿಹಿಡಿದಿವೆ. ಫ್ರಾನ್ಸ್ ಎರಡನೆಯ ಸಲ ಬಾಗಿಲಿಕ್ಕಿಕೊಂಡಿತು. ನಿಮ್ಮಲ್ಲಿ ರಾತ್ರಿ ಒಂಬತ್ತಾದರೆ ಬೀದಿಗೆ ಕಾಲಿಡುವಂತಿಲ್ಲ. ರೋಮಿನ ಸರ್ಕಾರದವರು ಸೋಂಕನ್ನು ನೋಡಿ ಪ್ರಾಂತ್ಯಗಳಿಗೆ ಬಣ್ಣ ಹಂಚಿದ್ದಾರೆ: ನಮ್ಮದು ಹಳದಿ, ಲೊಂಬಾರ್ದಿಯದು ಕೆಂಪು. ಪೂಜಾವಸ್ತ್ರಗಳಿಗೆ ಕಾಲಕ್ಕೊಂದು ಬಣ್ಣವಿರುವುದನ್ನು ಬಲ್ಲೆ. ತಪಸ್ಸಿಗೆ ನೇರಳೆ, ಹಬ್ಬಕ್ಕೆ ಬಿಳಿ. ಸರ್ಕಾರಗಳೂ ಈ ಭಾಷೆಯನ್ನು ಕಲಿತವೆಂದುಕೊಂಡೆ. ಆದರೆ ನಮ್ಮ ಚರ್ಚಿನಲ್ಲಿ ಯಾವ ಬಣ್ಣ ಯಾವ ಭಾನುವಾರ ಬದಲಾಗುವುದೆಂದು ಮೊದಲೇ ತಿಳಿದಿರುತ್ತದೆ.

ನವೆಂಬರ್ ಒಂದರಂದು ಸಮಾಧಿಗಳಿಗೆ ದೀಪ ಹಚ್ಚಲು ನಾನು ಮತ್ತು ದ್ರಾಗೊ ಇಬ್ಬರೇ ಹೋದೆವು. ಊರಿನವರ ಪಾಲಿನ ದೀಪಗಳನ್ನೂ ನಾವೇ ಹಚ್ಚಿದೆವು, ಬೆಂಕಿಕಡ್ಡಿ ಮುಗಿದುಹೋಯಿತು.

ನಿನ್ನ ತಾಯಿಗೂ ಸೋಂಕು ತಗಲಿದೆಯೆಂದು ನೀನು ದ್ರಾಗೊನಿಗೆ ಮೊನ್ನೆ ತಿಳಿಸಿದೆ. ಕೊನೆಯ ಘಳಿಗೆಯಲ್ಲಿರುವವರ ಬಳಿಗೆ ಬಂಧುಗಳಲ್ಲಿ ಒಬ್ಬರನ್ನು, ಒಬ್ಬರನ್ನು ಮಾತ್ರ, ಅರ್ಧ ಗಂಟೆಯ ಮಟ್ಟಿಗೆ ಒಳಗೆ ಬಿಡುವರೆಂದೂ, ಆ ಹೆಸರನ್ನು ನೀನೇ ಕೊಡಬೇಕೆಂದೂ ತಿಳಿಸಿದೆ. ಆ ಒಬ್ಬನು ನಾನು ಎಂದು ನಾನು ಹೇಳಿಕಳುಹಿಸಿದ್ದಕ್ಕೆ, “ನೋಡೋಣ ಅಂತ ಹೇಳಿ ಅಪ್ಪಂಗೆ” ಎಂದೆಯಂತೆ. “ನೋಡೋಣ” ಎಂಬುದು ಉತ್ತರವಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಗಡಿ ದಾಟುವ ಅನುಮತಿಯ ಕಾಗದವನ್ನು ನಮ್ಮ ಪಾದ್ರಿಗಳು ಮಾಡಿಸಿಕೊಟ್ಟಿದ್ದಾರೆ. ಬಿಳಿಯ ಅಂಗಿಗೆ ಇಸ್ತ್ರಿ ಹಾಕಿದ್ದೇನೆ. ಒಂದು ಕಾಲದಲ್ಲಿ ತನಗೆ ಧರ್ಮಪಾಠ ಹೇಳಿಕೊಟ್ಟವನೆಂದೂ ನೋಡದೆ ದ್ರಾಗೊ ನನ್ನೊಡನೆ ಜಗಳವಾಡಿದ. “ಮೇಷ್ಟ್ರೇ, ನಿಮ್ ಎದೆ ಗೊರ್ ಗೊರ್ ಅಂತಿರೋದು ಬೀದಿಗೆಲ್ಲ ಕೇಳ್ಸತ್ತೆ, ನಿಮ್ಗೊಬ್ರಿಗೇ ಕೇಳ್ಸಲ್ಲ. ಒಳಗ್ ಹೋದ್ರೆ ಎರಡು ಪೆಟ್ಟಿಗೆಗೆ ಹೇಳ್ಬೇಕಾಗತ್ತೆ.” “ಎರಡು ಯಾಕಯ್ಯ, ಅಗಲವಾಗಿರೋದು ಒಂದೇ ಹೇಳು” ಎಂದೆ. ಅವನಿಗೆ ನಗು ಬರಲಿಲ್ಲ.

ಅವಳು ತನ್ನ ಕೊನೆಯ ಬಾಗಿಲನ್ನು ಒಬ್ಬಳೇ ದಾಟಬಾರದು. ಕೈಹಿಡಿದಾಗ ಬಲಿಪೀಠದ ಮುಂದೆ ನಾನು ಕೊಟ್ಟ ಮಾತು ಇದು. ಇನ್ನೊಬ್ಬರು ನನ್ನ ಪರವಾಗಿ ನಡೆಸಲಾಗದ ಮಾತು. ನನ್ನ ಹೆಸರನ್ನು ಕೊಡು, ವೋಯ್ಕ. ಈ ಒಂದು ತೀರ್ಮಾನವನ್ನು ನನಗೆ ಬಿಡು.

ನಿನ್ನ ತಂದೆ,
ಸಿಲ್ವೇರಿ


ಸೋಲ್ಕಾನ್
೧೮ ನವೆಂಬರ್ ೨೦೨೦

ಅಪ್ಪನಿಗೆ,

ನೀವು ಎಂಟನೆಯ ತಾರೀಕು ಬರೆದ ಪತ್ರ ಇವತ್ತು ಬಂದಿದೆ. ಅಮ್ಮನ ಮಣ್ಣಾಗಿ ಎರಡು ದಿನವಾಯಿತು.

ಸ್ಮಶಾನದಲ್ಲಿ ಇದ್ದವರು ಆರು ಜನ. ನೀವು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಮುಚ್ಚಿದ ಪೆಟ್ಟಿಗೆಯ ಮೇಲೆ ನೀವು ಕೈಯಿಟ್ಟು ನಿಂತದ್ದನ್ನು ಕಂಡು, ಹತ್ತಿರ ಬರಬೇಕೆಂದು ಎರಡು ಹೆಜ್ಜೆ ಇಟ್ಟೆ. ನೀವು ಪಾದ್ರಿಗಳ ತೋಳು ಹಿಡಿದು ಹೊರಟುಬಿಟ್ಟಿರಿ.

ಹತ್ತನೆಯ ತಾರೀಕು ಬೆಳಿಗ್ಗೆ ಆಶ್ರಮದಿಂದ ಕರೆ ಬಂತು. “ಸಂಜೆವರ್ಗೂ ಇರ್ತಾರೋ ಇಲ್ವೋ ಹೇಳಕ್ಕಾಗಲ್ಲ. ಯಾರ್ ಬರ್ತೀರ? ಈಗ್ಲೇ ಹೆಸ್ರು ಹೇಳ್ಬೇಕು” ಎಂದರು. ನಾನು ನನ್ನ ಹೆಸರನ್ನು ಹೇಳಿದೆ. ದ್ರಾಗೊ ಮಾವನಿಗೆ ಫೋನು ಮಾಡಲಿಲ್ಲ. ಮಾಡಿದ್ದರೆ ನೀವು ಅರ್ಧ ಗಂಟೆಯೊಳಗೆ ಬಾಗಿಲಲ್ಲಿರುತ್ತಿದ್ದಿರೆಂದು ನನಗೆ ಗೊತ್ತಿತ್ತು.

ನಿಮ್ಮನ್ನು ಉಳಿಸಿಕೊಳ್ಳುವುದಕ್ಕಾಗಿ ಎಂದು ಬರೆಯಬಹುದು. ಅದು ಸುಳ್ಳಲ್ಲ. ಇಬ್ಬರನ್ನೂ ಒಂದೇ ತಿಂಗಳಲ್ಲಿ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ. ನಾನೂ ಅವಳನ್ನು ನೋಡಬೇಕಿತ್ತು, ಅಪ್ಪ. ನನ್ನ ಹೆಸರನ್ನು ಅವಳು ಮರೆತಿದ್ದಳೆಂದು ಮೊದಲ ಪತ್ರದಲ್ಲಿ ಬರೆದಿದ್ದಿರಿ. ಮರೆತವಳನ್ನೂ ನೋಡಬೇಕಿತ್ತು.

ಕ್ಷಮೆ ಕೇಳಲೆಂದು ಕುಳಿತೆ. ಕೇಳಿದ್ದೇನೆಯೋ ಇಲ್ಲವೋ ತಿಳಿಯುತ್ತಿಲ್ಲ.

ವೋಯ್ಕ


ಷ್ಟೆವೆರ್ಯಾನ್
೩೦ ನವೆಂಬರ್ ೨೦೨೦

ವೋಯ್ಕಳಿಗೆ,

ಪತ್ರ ತಲುಪಿತು. ನಾನು ಕುಶಲ. ನಿನ್ನ ತಾಯಿಯ ಉಡುಪುಗಳನ್ನು ಸೆನಾದ ಇಟ್ಟುಕೊಳ್ಳಲಿ. ಅವಳಿಗೆ ಸರಿಯಾಗದಿದ್ದರೆ ಯಾರಿಗಾದರೂ ಕೊಡಲಿ. ಉಳಿದ ವಿಷಯಕ್ಕೆ ಬರೆಯಲು ನನ್ನಲ್ಲಿ ಶಬ್ದಗಳಿಲ್ಲ. ಇದ್ದವುಗಳನ್ನು ಕಾಗದದ ಮೇಲಿಡುವುದು ಕ್ರೈಸ್ತನಿಗೆ ತಕ್ಕುದಲ್ಲ.

ಸಿಲ್ವೇರಿ ಮಿಕ್ಲೂಜ್


ಸೋಲ್ಕಾನ್
೧೨ ಡಿಸೆಂಬರ್ ೨೦೨೦

ಅಪ್ಪನಿಗೆ,

ಹಿಂದಿನ ಪತ್ರದಲ್ಲಿ ಆ ಕೋಣೆಯೊಳಗೆ ನಡೆದದ್ದನ್ನು ಬರೆಯಲಿಲ್ಲ. ಮುಚ್ಚಿಡಬೇಕೆಂದಿದ್ದೆ. ನಿಮ್ಮ ನಾಲ್ಕು ಸಾಲು ಓದಿದ ಮೇಲೆ, ಇನ್ನು ಹಾಳಾಗುವುದಕ್ಕೆ ಏನೂ ಉಳಿದಿಲ್ಲವೆನಿಸಿ ಬರೆಯುತ್ತಿದ್ದೇನೆ.

ಬಾಗಿಲ ಹೊರಗೆ ನನಗೆ ಬಿಳಿಯ ನಿಲುವಂಗಿ ತೊಡಿಸಿದರು. ತಲೆಗೆ ಮುಸುಕು, ಬಾಯಿಗೆ ಮಾಸ್ಕ್, ಅದರ ಮೇಲೆ ಪಾರದರ್ಶಕ ಮುಖಪರದೆ, ಒಂದರ ಮೇಲೊಂದು ಎರಡು ಕೈಗವಸು. “ಈಗ ನಿಮ್ಮನ್ನ ಹೆತ್ತವ್ರಿಗೂ ಗುರ್ತು ಸಿಗಲ್ಲ ಅಕ್ಕಾ” ಎಂದು ಸೆನಾದ ಅಂಗಿಯ ದಾರ ಕಟ್ಟುತ್ತ ಹೇಳಿ, ನಾಲಿಗೆ ಕಚ್ಚಿಕೊಂಡಳು.

ಅಮ್ಮ ಕಣ್ಣು ತೆರೆದೇ ಇದ್ದಳು. ಉಸಿರು ಮೇಲೆಮೇಲೆ ಆಡುತ್ತಿತ್ತು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನನ್ನ ಎತ್ತರ ನಿಮ್ಮದೇ ಅಲ್ಲವೆ? ಅವಳ ಮುಖ ಅರಳಿತು. “ಬಂದ್ರಾ? ಇಷ್ಟ್ ತಡ ಮಾಡ್ತಾರೇನ್ರೀ? ಬಸ್ಸು ಸಿಗ್ಲಿಲ್ವಾ?” ಎಂದಳು.

“ಅಮ್ಮಾ, ನಾನು ವೋಯ್ಕ” ಎಂದೆ.

ಅರಳಿದ ಮುಖ ಮುಚ್ಚಿಕೊಂಡಿತು. “ಯಾರದು?” ಎಂದಳು. ನನ್ನ ಹೆಗಲಾಚೆ ಬಾಗಿಲ ಕಡೆ ನೋಡತೊಡಗಿದಳು. “ಅವ್ರೆಲ್ಲಿ? ಅವ್ರನ್ಯಾಕ್ ಬಿಡ್ಲಿಲ್ಲ ನೀವು?”

ಗೋಡೆಯ ಮೇಲೆ ಗಡಿಯಾರವಿತ್ತು. ನಾನು ಎದ್ದು ಬಾಗಿಲವರೆಗೆ ಹೋದೆ. ಹೊರಳಿ, ನೀವು ನಡೆಯುವ ಹಾಗೆ ನಿಧಾನವಾಗಿ ನಡೆದು ಬಂದು, ಹಾಸಿಗೆಯ ಅಂಚಿನಲ್ಲಿ ಕುಳಿತು, ಅವಳ ಕೈ ಹಿಡಿದೆ. ನನಗೆ ಎಷ್ಟು ಸಾಧ್ಯವೋ ಅಷ್ಟು ದಪ್ಪ ದನಿ ಮಾಡಿದೆ. “ಬಂದೆ ಕಣೇ. ಬಸ್ಸು ತಡ ಆಯ್ತು.”

ಆಮೇಲೆ ಅವಳು ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಟ್ಟಿರಿ. ಅರ್ಧ ಗಂಟೆಯ ಪೂರ್ತಿ. ಅವಳೂ ಸುಮ್ಮನಿರಲಿಲ್ಲ, ಉಸಿರಿಗೆ ಒಂದೊಂದು ಮಾತಾಗಿ ಆಡಿದಳು. ಸಮಯವಾಯಿತೆಂದು ಸೆನಾದ ಬಾಗಿಲು ತಟ್ಟಿದಾಗ, “ನಾಳೆ ಬರ್ತೀನಿ” ಎಂದು ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿ ಬಂದೆ. ಕಾರಿಡಾರಿನಲ್ಲಿ ಆ ಅಂಗಿಯನ್ನು ಒಳಗು ಹೊರಗಾಗುವಂತೆ ಕಳಚಿ ಚೀಲಕ್ಕೆ ಹಾಕಬೇಕಂತೆ. ಕಳಚಲು ನನ್ನಿಂದಾಗಲಿಲ್ಲ. ಅವರೇ ಕಳಚಿದರು.

ಅಮ್ಮ ಆ ರಾತ್ರಿ ಕಳೆದಳು, ಮಾರನೆಯ ರಾತ್ರಿಯೂ ಕಳೆದ ಮೇಲೆ ತೀರಿಕೊಂಡಳು. ಮತ್ತೆ ಯಾರನ್ನೂ ಕೇಳಲಿಲ್ಲವಂತೆ.

ಇದು ಪಾಪವೆ? ನಾನು ಚರ್ಚಿಗೆ ಹೋಗದವಳು, ಆದರೂ ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಜಾಗವನ್ನು ನಾನು ಕಸಿದುಕೊಂಡದ್ದು ನಿಜ. ಒಳಗೆ ಹೋದ ಮೇಲೆ ಅಲ್ಲಿ ನನಗೂ ಜಾಗವಿರಲಿಲ್ಲ.

ವೋಯ್ಕ


ಷ್ಟೆವೆರ್ಯಾನ್
೬ ಜನವರಿ ೨೦೨೧, ಪ್ರಭುದರ್ಶನದ ಹಬ್ಬ

ಮಗಳೇ ವೋಯ್ಕ,

ನಿನ್ನ ಪತ್ರ ಕ್ರಿಸ್ಮಸ್ಸಿನ ಮುನ್ನಾದಿನ ಬಂತು. ಅಂದು ಇಡೀ ಇಟಲಿ ಕೆಂಪಾಗಿತ್ತು. ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ದ್ರಾಗೊ ಪತ್ರವನ್ನು ಕಿಟಕಿಯ ಸಂದಿನಿಂದ ಒಳಗೆ ನೂಕಿ, ನನ್ನ ಮುಖ ನೋಡಿಕೊಂಡು ಹಿತ್ತಿಲಲ್ಲಿಯೇ ಚಳಿಯಲ್ಲಿ ನಿಂತಿದ್ದ.

ಮೊದಲು ನನಗೆ ಬಂದದ್ದು ಸಿಟ್ಟು. ಸತ್ಯವನ್ನೇ ಬರೆಯುತ್ತೇನೆ. ಇವಳು ನನ್ನಿಂದ ಮೊದಲು ಹೆಂಡತಿಯನ್ನು ತೆಗೆದುಕೊಂಡು ಹೋದಳು, ಆಮೇಲೆ ಬಾಗಿಲನ್ನು ತೆಗೆದುಕೊಂಡಳು, ಕಡೆಗೆ ನನ್ನ ದನಿಯನ್ನೂ ತೆಗೆದುಕೊಂಡಳು ಎಂದುಕೊಂಡೆ. ಪತ್ರವನ್ನು ಮಡಿಸಿ ಪ್ರಾರ್ಥನೆಗೆ ಕುಳಿತರೆ ಪ್ರಾರ್ಥನೆ ಬರಲಿಲ್ಲ. ಹಬ್ಬ ಕಳೆದ ಮೇಲೆ ಪಾದ್ರಿಗಳ ಬಳಿ ಹೋದೆ. ಅವರು ಪತ್ರವನ್ನು ಓದಿ, ನನಗೆ ಕಾಣಲೆಂದು ಮಾಸ್ಕ್ ಇಳಿಸಿ, “ಇದಕ್ಕೆ ಪ್ರಾಯಶ್ಚಿತ್ತ ಕೊಡು ಅಂದ್ರೆ ಯಾರಿಗ್ ಕೊಡ್ಲಿ ಸಿಲ್ವೇರಿ? ಒಳಗ್ ಹೋದವ್ಳಿಗೋ, ಹೋಗದವನಿಗೋ?” ಎಂದರು.

ಪಾಪವೆ ಎಂದು ಕೇಳಿದ್ದೀಯೆ. ಅರವತ್ತು ವರ್ಷ ಧರ್ಮಶಾಸ್ತ್ರಗಳನ್ನು ಓದಿದವನು ನಾನು. ಸುಳ್ಳಿನಲ್ಲಿ ಎಷ್ಟು ಬಗೆಯೆಂದು ವಿಂಗಡಿಸಿ ಹೇಳಬಲ್ಲೆ. ಆ ವಿಂಗಡಣೆಯಲ್ಲೆಲ್ಲಿಯೂ ನಿನ್ನ ಆ ಅರ್ಧ ಗಂಟೆಯನ್ನಿಡಲು ನನಗೊಂದು ಸ್ಥಳ ಸಿಗಲಿಲ್ಲ. ಸಿಕ್ಕಿದ್ದು ಇಷ್ಟು. ಒಬ್ಬರಿಗೆ ಮಾತ್ರ ಅವಕಾಶವೆಂದು ಅವರು ವಿಧಿಸಿದರು, ಒಬ್ಬರೇ ಒಳಗೆ ಹೋದರು. ಹೋದವನು ನಾನೆಂದು ತಿಳಿದು ನಿನ್ನ ತಾಯಿ, ನನ್ನ ಒಟೀಲಿಯ, ಕಣ್ಣು ಮುಚ್ಚಿದಳು. ಅವಳ ಪಾಲಿಗೆ ನಾನು ಮಾತು ನಡೆಸಿದೆ. ನನ್ನ ಪಾಲಿಗೆ ಮಾತ್ರ ನಾನು ಇನ್ನೂ ಆ ಕೋಣೆಗೆ ಹೋಗಿಲ್ಲ.

ನೀನಾದರೋ ಮಗಳಾಗಿ ಹೋದವಳು, ಮಗಳಾಗಿ ಅವಳನ್ನು ನೋಡದೆಯೇ ಬಂದೆ. ಇದನ್ನು ನಾನು ಮೊದಲ ಓದಿನಲ್ಲಿ ಕಾಣಲಿಲ್ಲ. ತಡವಾಗಿ ಕಂಡದ್ದಕ್ಕೆ ನನ್ನನ್ನು ಮನ್ನಿಸು.

ಈಗ ನಿನ್ನಲ್ಲಿ ಒಂದು ಬೇಡಿಕೆ. ಬಸ್ಸು ತಡವಾಯಿತೆಂದು ನಾನು ಹೇಳಿದ್ದನ್ನು ಬರೆದಿದ್ದೀಯೆ. ಹೌದು, ನಾನು ಹಾಗೆಯೇ ಹೇಳುತ್ತಿದ್ದೆ, ಸರಿಯಾಗಿಯೇ ಹೇಳಿದ್ದೀಯೆ. ಅದಾದ ಮೇಲಿನದನ್ನು ಬಿಟ್ಟುಬಿಟ್ಟಿದ್ದೀಯೆ. ಅರ್ಧ ಗಂಟೆಯೆಂದರೆ ದೀರ್ಘಕಾಲ. ಅವಸರ ಮಾಡಬೇಡ. ಒಂದನ್ನೂ ಬಿಡದೆ, ಚಂದವಾಗಿ ಕಾಣಲೆಂದು ಒಂದನ್ನೂ ಸೇರಿಸದೆ, ನನಗೆ ಬರೆದು ಕಳುಹಿಸು.

ಅವಳು ನನ್ನನ್ನು ಏನೇನು ಕೇಳಿದಳು? ನಾನು ಅವಳಿಗೆ ಏನು ಹೇಳಿದೆ?

ನಿನ್ನ ಅಪ್ಪ